ಪ್ರಸಂಗಪೀಠವೂ ಪೂರ್ವಪಕ್ಷವೂ

ನಮ್ಮ ಜಿಲ್ಲೆಯಲ್ಲಿ ‘ಪ್ರಸಂಗ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಯಕ್ಷಗಾನ ತಾಳಮದ್ದಳೆಗಳ ಅಭಿಮಾನಿಗಳಿಗೆ ಅದು ಭಾಗವತರು ಹಾಡುವ ಪದ್ಯಗಳ ಕಟ್ಟು, ಆಟಕ್ಕೂ ಕೂಟಕ್ಕೂ ಆಧಾರವಾದ ಕಾವ್ಯ. ಪ್ರೊಟೆಸ್ಟಂಟ್ ಸಭೆಗಳ ಕ್ರೈಸ್ತಬಂಧುಗಳಿಗಾದರೋ ಅದು ಆದಿತ್ಯವಾರದ ಆರಾಧನೆಯಲ್ಲಿ ಸಭಾಪಾಲಕರು ಪೀಠವನ್ನೇರಿ ಮಾಡುವ ಉಪದೇಶ. ಕೊಂಕಣಿಯನ್ನಾಡುವ ಕಥೋಲಿಕರು ಇದನ್ನೇ ‘ಶೆರ್ಮಾಂವ್’ ಎನ್ನುವರು. ಒಂದೇ ಶಬ್ದವು ಒಂದೇ ಊರಿನಲ್ಲಿ ಎರಡು ಮಂಟಪಗಳಲ್ಲಿ ಎರಡು ಬಗೆಯಾಗಿ ಬಾಳುತ್ತಿರುವುದು ಕುತೂಹಲಕರವಾದ ಸಂಗತಿಯೇ ಸರಿ. ಆದರೆ ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಶಬ್ದದ ಕುತೂಹಲವನ್ನಲ್ಲ. ಮೊದಲನೆಯ ಪ್ರಸಂಗದಲ್ಲಿ ಇರುವ ಒಂದು ಗುಣವು ಎರಡನೆಯದರಲ್ಲಿ ಇಲ್ಲದಿರುವುದನ್ನೂ, ಅದರಿಂದ ಆಗುವ ಹಾನಿಯನ್ನೂ, ಅದಕ್ಕೆ ಇರುವ ಪರಿಹಾರವನ್ನೂ ಆಗಿದೆ.

ಪೀಠದ ಉಪದೇಶವನ್ನು ಸಾಹಿತ್ಯವೆಂದೆಣಿಸಿ ವಿಮರ್ಶಿಸುವ ವಾಡಿಕೆ ನಮ್ಮಲ್ಲಿ ಬೆಳೆದಿಲ್ಲ. ಕಾವ್ಯಕ್ಕೆ ವಿಮರ್ಶಕರಿದ್ದಾರೆ, ಕಾದಂಬರಿಗೂ ನಾಟಕಕ್ಕೂ ಇದ್ದಾರೆ. ವಾರವಾರವೂ ಒಂದೂರಿನ ಜನರು ಮಕ್ಕಳುಮರಿಗಳೊಡನೆ ಬಂದು ಕುಳಿತು ಕೇಳುವ ಗದ್ಯಕ್ಕೆ ಮಾತ್ರ ವಿಮರ್ಶಕನಿಲ್ಲ. ಹೊಸಗನ್ನಡ ಗದ್ಯದ ಹುಟ್ಟಿನಲ್ಲಿ ಮಿಶನರಿಗಳ ಬರವಣಿಗೆಗೆ ದೊಡ್ಡ ಪಾಲು ಇದೆಯೆಂಬುದನ್ನು ಶ್ರೀನಿವಾಸ ಹಾವನೂರರು ತಮ್ಮ ‘ಹೊಸಗನ್ನಡದ ಅರುಣೋದಯ’ದಲ್ಲಿ (೧೯೭೪) ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಆ ಬರವಣಿಗೆಯ ಬೆನ್ನೆಲುಬು ಉಪದೇಶವೇ ಆಗಿದ್ದಿತು. ಹೀಗಿರಲು ಉಪದೇಶವನ್ನು ಗದ್ಯದ ಒಂದು ಜಾತಿಯೆಂದು ಎತ್ತಿಕೊಂಡು ಅದರ ಗುಣದೋಷಗಳನ್ನು ನೋಡುವುದು ಅಸಂಗತವಾಗಲಾರದು.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದ ಒಂದು ಘಟನೆಯನ್ನು ಮೊದಲು ಹೇಳಿಬಿಡುವೆವು. ಕೆಲವು ವರ್ಷಗಳ ಹಿಂದೆ ನಮ್ಮೊಡನೆ ಶಾಲೆಯಲ್ಲಿ ದುಡಿದ ಕ್ರೈಸ್ತ ಉಪಾಧ್ಯಾಯರೊಬ್ಬರ ತಾಯಿ ತೀರಿಕೊಂಡರು. ಮಣ್ಣಿಗಿಡುವ ಮೊದಲು ನಡೆದ ಆರಾಧನೆಯಲ್ಲಿ ನಾವೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಪ್ರಸಂಗ ಮಾಡಿದವರು ಮರಣವನ್ನೂ ನಿರೀಕ್ಷೆಯನ್ನೂ ಕುರಿತು ಚೆನ್ನಾಗಿಯೇ ಮಾತನಾಡಿದರು. ನಡುವೆ, ಯಾರ ಹೆಸರನ್ನೂ ಎತ್ತದೆ, ‘ನೆರೆಮನೆಯ ನೇಮಕ್ಕೆ ಹೋಗಿ ಎಲೆಯ ಮುಂದೆ ಕುಳಿತು ಬರುವವರ’ ವಿಷಯವಾಗಿ ನಾಲ್ಕು ಕಟುವಾಕ್ಯಗಳನ್ನು ಆಡಿದರು. ತೀರಿಕೊಂಡ ಆ ಮುದುಕಿ ನಲುವತ್ತು ವರ್ಷ ನೆರೆಮನೆಯ ನೇಮದ ದಿನ ತರಕಾರಿ ಹೆಚ್ಚಿಕೊಟ್ಟು, ಮಕ್ಕಳಿಗೆ ಬಡಿಸಿ, ತಾನೂ ಉಂಡು ಬಂದವರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೆರೆಮನೆಯವರೂ ಅಲ್ಲಿಯೇ ನಿಂತಿದ್ದರು. ಹಿಂದಿರುಗುವ ದಾರಿಯಲ್ಲಿ ನಮ್ಮ ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, “ಮಾಷ್ಟ್ರೇ, ಅಮ್ಮ ಬದುಕಿದ್ದಿದ್ದರೆ ಉತ್ತರ ಕೊಡುತ್ತಿದ್ದರು. ಆದರೆ ಪೀಠಕ್ಕೆ ಉತ್ತರ ಕೊಡುವ ಕ್ರಮ ನಮ್ಮಲ್ಲಿ ಇಲ್ಲವಷ್ಟೆ,” ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು.

ಈ ಲೇಖಕನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು, ಕ್ರೈಸ್ತನಲ್ಲ. ಹೊರಗಿನವನಿಗೆ ಇದರಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಂಬಿಕೆಯ ವಿಷಯದಲ್ಲಿ ನಮಗೆ ಅಧಿಕಾರವಿಲ್ಲ. ನೇಮದ ಊಟವನ್ನು ಕ್ರೈಸ್ತನು ಉಣ್ಣಬಹುದೇ ಬಾರದೇ ಎಂಬುದನ್ನು ನಿರ್ಣಯಿಸುವವರು ಅವರೇ. ಆದರೆ ಮಾತಿನ ಧರ್ಮವು ಎಲ್ಲರಿಗೂ ಸಮಾನವಾದದ್ದು. ಜನರನ್ನು ಎರಡು ಪಕ್ಷ ಮಾಡುವ ವಿಷಯವನ್ನು ಎತ್ತಿಕೊಂಡು ಮಾತನಾಡುವವನು, ಪಾದ್ರಿಯಾಗಲಿ ಪುರಾಣಿಕನಾಗಲಿ, ಯಾವ ನಿಯಮಕ್ಕೆ ಒಳಪಡಬೇಕು? ನಮ್ಮ ಪ್ರಶ್ನೆ ಇಷ್ಟೇ.

ನ್ಯಾಯಶಾಸ್ತ್ರದಲ್ಲಿ ಗೌತಮನು ಮಾತುಕತೆಯನ್ನು ಮೂರಾಗಿ ವಿಂಗಡಿಸಿರುವನು. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಪ್ರಮಾಣತರ್ಕಗಳನ್ನು ಹಿಡಿದು ಇಬ್ಬರು ಮಾತನಾಡಿದರೆ ಅದು ವಾದ. ಹೇಗಾದರೂ ಗೆಲ್ಲಬೇಕೆಂದು ಛಲ ಜಾತಿಗಳೆಂಬ ಉಪಾಯಗಳನ್ನೂ ಬಳಸಿದರೆ ಅದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದೇ ಗುರಿಯಾದರೆ ಅದು ವಿತಂಡೆ. ಈ ಮೂರರಲ್ಲಿಯೂ, ಕೊನೆಗೆ ವಿತಂಡೆಯಲ್ಲಿಯೂ, ಎದುರಿಗೆ ಒಬ್ಬನು ಇದ್ದೇ ಇರುತ್ತಾನೆ. ಅವನ ಬಾಯಿ ಕಟ್ಟಿರುವುದಿಲ್ಲ. ಮಧ್ವಾಚಾರ್ಯರೂ ತ್ರಿವಿಕ್ರಮ ಪಂಡಿತಾಚಾರ್ಯರೂ ಕಾಸರಗೋಡಿನ ಸೀಮೆಯಲ್ಲಿ ದಿನಗಟ್ಟಲೆ ವಾದಿಸಿದ ಕಥೆಯನ್ನು ಸುಮಧ್ವವಿಜಯವು ವರ್ಣಿಸಿದೆ. ತ್ರಿವಿಕ್ರಮರು ತಮ್ಮ ಬತ್ತಳಿಕೆಯ ಬಾಣಗಳನ್ನೆಲ್ಲ ಬರಿದುಮಾಡಿಕೊಂಡ ಮೇಲೆಯೇ ಶಿಷ್ಯರಾದರು. ಪೂರ್ವಪಕ್ಷಕ್ಕೆ ಪೂರ್ಣಾವಕಾಶ ಕೊಟ್ಟುದರಿಂದಲೇ ಆ ಸಿದ್ಧಾಂತಕ್ಕೆ ಗೌರವ ಬಂದಿತು.

ಶಾಸ್ತ್ರವನ್ನು ಓದದವರೂ ಈ ಧರ್ಮವನ್ನು ನಮ್ಮ ಸೀಮೆಯಲ್ಲಿ ತಾಳಮದ್ದಳೆಯ ಮೂಲಕ ಬಲ್ಲರು. ಆದಿಕವಿಯು ಕಿಷ್ಕಿಂಧಾಕಾಂಡದಲ್ಲಿ ಬಾಣ ತಗುಲಿ ಬಿದ್ದ ವಾಲಿಗೆ ರಾಮನನ್ನು ದೂರುವುದಕ್ಕೆ ಒಂದು ಇಡೀ ಸರ್ಗವನ್ನು ಬಿಟ್ಟುಕೊಟ್ಟು, ಆಮೇಲೆ ರಾಮನ ಸಮಾಧಾನವನ್ನು ಹೇಳಿಸಿದನು. ನಮ್ಮ ಅರ್ಥಧಾರಿಗಳು ಆ ಸರ್ಗವನ್ನು ರಾತ್ರಿಯೆಲ್ಲ ಬೆಳಸುವರು. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ವಾಲಿಯನ್ನು ಕೇಳಿದವರು ಇಂದಿಗೂ ಮರೆತಿಲ್ಲ. ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯನವರು ಮೃದುವಾಗಿಯೇ ಇದಿರಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಿದ್ದ ರೀತಿಯನ್ನು ಹಿರಿಯರು ನೆನೆಯುತ್ತಿರುವರು. ಕೇಳುವವರೆಲ್ಲರೂ ರಾಮಭಕ್ತರೇ. ಆದರೂ ವಾಲಿಯ ಮಾತು ಬಲವಾಗಿ ಬಂದಷ್ಟೂ ಅವರು ತಲೆದೂಗುವರು. ಭಕ್ತಿಗೆ ಅದರಿಂದ ಕೊರತೆಯಾಯಿತೆಂದು ಯಾರೂ ಹೇಳಿದ್ದಿಲ್ಲ. ವಾಲಿಯ ಬಾಯನ್ನು ಮುಚ್ಚಿ ರಾಮನೊಬ್ಬನೇ ಅರ್ಥ ಹೇಳಿದರೆ ಅದು ಕೂಟವಾಗಲಾರದು.

ಪೀಠದ ಪ್ರಸಂಗದ ನೆಲೆಯೇ ಬೇರೆ. ಅಲ್ಲಿ ಮಾತನಾಡುವವನು ಒಬ್ಬನೇ, ಎತ್ತರದಲ್ಲಿ ನಿಂತವನು, ದೇವರ ವಾಕ್ಯವನ್ನು ಕೈಯಲ್ಲಿ ಹಿಡಿದವನು. ಕೇಳುವವನು ಎದ್ದು ‘ಅಲ್ಲ’ವೆನ್ನುವಂತಿಲ್ಲ. ಸಮಾಧಾನವನ್ನೂ ಪಶ್ಚಾತ್ತಾಪವನ್ನೂ ದಾನಧರ್ಮವನ್ನೂ ಬೋಧಿಸುವಾಗ ಈ ಏಕಮುಖತೆಯಿಂದ ತೊಂದರೆಯಿಲ್ಲ. ಸಭೆಯಲ್ಲಿಯೇ ಎರಡು ಅಭಿಪ್ರಾಯಗಳಿರುವ ವಿಷಯವನ್ನು ಎತ್ತಿಕೊಂಡಾಗ ಮಾತ್ರ ಅದು ಅಪಾಯಕರವಾಗುವುದು. ಆದುದರಿಂದ ನಮ್ಮ ಅಭಿಪ್ರಾಯವಿದು: ಎದುರಾಳಿಗೆ ಬಾಯಿಲ್ಲದ ಸ್ಥಳದಲ್ಲಿ ವಿವಾದದ ಮಾತನ್ನಾಡುವವನು ಎದುರಾಳಿಯ ಬಾಯಿಯನ್ನೂ ತಾನೇ ಹೊರಬೇಕು. ಪೂರ್ವಪಕ್ಷವನ್ನು, ಅದನ್ನು ಹಿಡಿದವನೇ ಕೇಳಿ ‘ಹೌದು, ನನ್ನ ಮಾತು ಇದೇ’ ಎಂದು ಒಪ್ಪುವಂತೆ, ಹೇಳಿದ ಮೇಲೆಯೇ ತನ್ನ ಸಿದ್ಧಾಂತಕ್ಕೆ ಬರಬೇಕು. ಈ ಒರೆಗಲ್ಲಿಗೆ ನಮ್ಮ ನಾಡಿನ ಕ್ರೈಸ್ತೋಪದೇಶದ ಇತಿಹಾಸವನ್ನು ತಿಕ್ಕಿ ನೋಡೋಣ.

೧೮೩೪ರ ಅಕ್ಟೋಬರ ತಿಂಗಳ ಕೊನೆಯಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಎರಡು ವರ್ಷಗಳ ಮೇಲೆ ಹರ್ಮನ್ ಮೋಗ್ಲಿಂಗರು ಬಂದು ಕೂಡಿಕೊಂಡರು. ಜಾತ್ರೆಗಳಲ್ಲಿ, ಪೇಟೆಗಳಲ್ಲಿ, ದಾರಿಯ ಕಟ್ಟೆಗಳ ಮೇಲೆ ನಿಂತು ಇವರು ಉಪದೇಶಿಸಿದರು. ವಿಗ್ರಹಾರಾಧನೆಯನ್ನೂ ಜಾತಿಭೇದವನ್ನೂ ಖಂಡಿಸುವ ಚಿಕ್ಕ ಪುಸ್ತಿಕೆಗಳನ್ನು ಹಂಚಿದರು. ಅವುಗಳ ಕನ್ನಡವು ಸರಳವಾದದ್ದು, ಅಂದಿನ ಪಂಡಿತರ ಗದ್ಯಕ್ಕಿಂತ ಜನರ ಬಾಯಿಗೆ ಹತ್ತಿರವಾದದ್ದು, ಅದು ಗುಣ. ಆದರೆ ಖಂಡನಗ್ರಂಥಗಳೆಂದು ನೋಡಿದರೆ ಅವು ನಮ್ಮ ಒರೆಯಲ್ಲಿ ತೇಗಡೆಯಾಗುವುದು ಕಷ್ಟ. ಇಂತಹ ಪುಸ್ತಿಕೆಗಳಲ್ಲಿ ಬರುವ ಹಿಂದುವು ತನ್ನ ಶಾಸ್ತ್ರದ ಉತ್ತಮಯುಕ್ತಿಯನ್ನು ಎಂದೂ ಆಡುವವನಲ್ಲ. ಉತ್ತರ ಹೇಳಲು ಅನುಕೂಲವಾಗುವ ಪ್ರಶ್ನೆಯನ್ನೇ ಕೇಳಿ ಸುಮ್ಮನಾಗುವ ಗೊಂಬೆ ಅವನು. ವಿಚಿತ್ರವೇನೆಂದರೆ, ಪುಸ್ತಿಕೆಗಿಂತ ಜಾತ್ರೆಯ ಬಯಲೇ ನ್ಯಾಯವಾದ ಸ್ಥಳವಾಗಿತ್ತು. ಅಲ್ಲಿ ಕೇಳಿದವರು ಎದುರು ಮಾತನಾಡುತ್ತಿದ್ದರು, ನಗುತ್ತಿದ್ದರು, ಬಿಟ್ಟು ನಡೆಯುತ್ತಿದ್ದರು. ಕಟ್ಟಡದೊಳಗೆ ಪೀಠವು ನೆಲೆಗೊಂಡ ಬಳಿಕ ಆ ಎದುರುಮಾತು ನಿಂತುಹೋಯಿತು.

ಆದರೆ ಇದೇ ಮೋಗ್ಲಿಂಗರು ಇನ್ನೊಂದು ಕೈಯಿಂದ ಮಾಡಿದ ಕೆಲಸವನ್ನು ನೋಡಿರಿ. ೧೮೪೩ರ ಜುಲೈ ೧ರಂದು ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ೧೮೪೮ರಿಂದ ೧೮೫೩ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ, ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಹಣದಿಂದ, ಜೈಮಿನಿಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚುಹಾಕಿಸಿದರು. ವಿಷ್ಣುಭಕ್ತಿಯನ್ನು ಖಂಡಿಸಲು ಬಂದವರೇ ಪುರಂದರದಾಸರ ಪದಗಳನ್ನು ಹಾಳೆಗಿಳಿಸಿದರು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅವರು ಪೂರ್ವಪಕ್ಷವನ್ನು ಪೂರ್ತಿಯಾಗಿ, ಅದರ ಉತ್ತಮ ರೂಪದಲ್ಲಿ, ತಮ್ಮ ಯಂತ್ರದಲ್ಲಿಯೇ ಮುದ್ರಿಸಿಕೊಟ್ಟರು. ಖಂಡನದ ಪುಸ್ತಿಕೆಗಳನ್ನು ಇಂದು ಸಂಶೋಧಕರ ಹೊರತು ಓದುವವರಿಲ್ಲ. ಆ ಕಾವ್ಯಮಾಲೆಗಾದರೋ ಕನ್ನಡಿಗರೆಲ್ಲರೂ ಋಣಿಗಳು. ಎದುರಾಳಿಯ ಮಾತನ್ನು ಗೌರವದಿಂದ ಎತ್ತಿಹಿಡಿದ ಕೆಲಸವೇ ಹಿಡಿದವನ ಕೀರ್ತಿಯನ್ನೂ ಉಳಿಸಿತೆಂಬುದನ್ನು ಪೀಠವನ್ನೇರುವವರೆಲ್ಲರೂ ಗಮನಿಸತಕ್ಕದ್ದು.

ಮಾತಿಗೆ ಇನ್ನೊಂದು ಒರೆಯೂ ಉಂಟು. ಹೇಳಿದವನು ಅದರ ಭಾರವನ್ನು ಹೊತ್ತನೇ ಎಂಬುದು ಅದು. ೧೮೪೪ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು ಮತ್ತಿಬ್ಬರೊಡನೆ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿಹೋಯಿತು. ಮಿಶನ್ ಶಾಲೆಯಿಂದ ತಂದೆತಾಯಂದಿರು ಮಕ್ಕಳನ್ನು ಬಿಡಿಸಿದರು. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ ೧೮೫೧ರಲ್ಲಿ ಸಭಾಪಾಲಕರಾಗಿ ಹಿಂದಿರುಗಿದರು. ಬಂಧುಬಳಗವನ್ನು ಕಳೆದುಕೊಂಡ ಆ ಮನುಷ್ಯನು ಪೀಠದಿಂದ ಜಾತಿಯನ್ನು ಕುರಿತು ಆಡಿದ ಮಾತಿಗೂ, ಏನನ್ನೂ ಕಳೆದುಕೊಳ್ಳದವನು ಆಡಿದ ಮಾತಿಗೂ ಒಂದೇ ತೂಕವಿರಲಾರದು. ತಮಿಳುನಾಡಿನಲ್ಲಿ ಲೈಪ್ಸಿಗ್ ಮಿಶನಿನವರು ಸಭೆಯೊಳಗೆ ಜಾತಿಭೇದವನ್ನು ಬಹುಮಟ್ಟಿಗೆ ಸಹಿಸಿಕೊಂಡರು. ಬಾಸೆಲಿನವರು ಕೂಡದೆಂದರು. ತುಳುನಾಡಿನಲ್ಲಿ ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಕಳ್ಳು ಇಳಿಸುವ ಕಸುಬು ವಿಶ್ವಾಸಿಗೆ ಸಲ್ಲದೆಂದು ಉಪದೇಶವಾಯಿತು. ಕತ್ತಿಯನ್ನು ಕೆಳಗಿಡೆಂದು ಹೇಳುವುದು ಸುಲಭ, ಕೆಳಗಿಟ್ಟವನು ಮಧ್ಯಾಹ್ನ ಏನನ್ನು ಉಣ್ಣಬೇಕು? ಈ ಪ್ರಶ್ನೆಯನ್ನು ಮಿಶನಿನವರು ತಾವಾಗಿ ಎತ್ತಿಕೊಂಡರು. ೧೮೫೧ರಲ್ಲಿ ಹಾಲರರು ನೇಯ್ಗೆಯನ್ನು ವ್ಯವಸ್ಥೆಗೊಳಿಸಿದರು, ೧೮೬೫ರಲ್ಲಿ ಪ್ಲೆಬ್ಸ್ಟರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಮ್ಮ ಮನೆಗಳ ಮೇಲಿನ ಮಂಗಳೂರು ಹಂಚು ಒಂದರ್ಥದಲ್ಲಿ ಒಂದು ಪ್ರಸಂಗದ ಫಲ.

ಆದರೆ ವಿಮರ್ಶಕನು ಇಲ್ಲಿಗೇ ನಿಲ್ಲುವಂತಿಲ್ಲ. ಉಪದೇಶಿಸುವವನೇ ಕೂಲಿ ಕೊಡುವವನೂ ಆದಾಗ ಕೇಳುವವನ ಮೌನವು ಒಪ್ಪಿಗೆಯ ಮೌನವೋ ಹೊಟ್ಟೆಯ ಮೌನವೋ ಹೇಳುವುದು ಕಷ್ಟ. ವಾರದ ಆರು ದಿನ ಕಾರ್ಖಾನೆಯಲ್ಲಿಯೂ ಏಳನೆಯ ದಿನ ಸಭೆಯಲ್ಲಿಯೂ ಒಬ್ಬರ ಆಶ್ರಯದಲ್ಲಿಯೇ ಇರುವವನು ‘ಅಲ್ಲ’ವೆಂಬ ಮಾತನ್ನು ಯಾವಾಗ ಆಡಬೇಕು? ಮಗ್ಗವನ್ನು ಕೊಟ್ಟ ಕೈಯೇ ಪೂರ್ವಪಕ್ಷದ ಬಾಯನ್ನು ತಿಳಿಯದೆ ಮುಚ್ಚಿತು.

ಖಂಡನದ ದಾರಿಯನ್ನು ಬಿಟ್ಟು ಕಥನದ ದಾರಿಯನ್ನು ಹಿಡಿದವರು ಫರ್ಡಿನೆಂಡ್ ಕಿಟ್ಟೆಲರು. ೧೮೫೩ರಲ್ಲಿ ಬಂದ ಇವರು ಜನರ ನಡುವೆ ಜನರಂತೆ ಬಾಳಬೇಕೆಂದು ಹಟಹಿಡಿದು ತಮ್ಮ ಮಿಶನಿನ ಹಿರಿಯರ ಅಸಮಾಧಾನಕ್ಕೂ ಗುರಿಯಾದರು. ೧೮೬೨ರಲ್ಲಿ ಪ್ರಕಟವಾದ ಅವರ ‘ಕಥಾಮಾಲೆ’ಯು ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಗ್ರಂಥ. ಕಾವ್ಯವೆಂದು ಅದನ್ನು ಕುಮಾರವ್ಯಾಸನ ಪಕ್ಕದಲ್ಲಿ ಇಡಲಾಗದು. ಪರಭಾಷೆಯವನ ಎಚ್ಚರಿಕೆಯ ಹೆಜ್ಜೆ ಅಲ್ಲಲ್ಲಿ ಕೇಳಿಸುತ್ತದೆ. ಆದರೆ ಅದರ ಹಿಂದಿರುವ ತಿಳಿವು ದೊಡ್ಡದು. ಕನ್ನಡಿಗನ ಕಿವಿಗೆ ಯಾವುದು ಪ್ರಿಯವೋ ಅದರಲ್ಲಿಯೇ ಹೇಳಬೇಕು, ಕೇಳಿದವನು ಒಳಗೊಳಗೇ ತೀರ್ಮಾನಿಸಲಿ ಎಂಬ ವಿನಯ ಅದರಲ್ಲಿದೆ. ಮುಂದೆ ‘ಶಬ್ದಮಣಿದರ್ಪಣ’ವನ್ನೂ (೧೮೭೨) ನಾಗವರ್ಮನ ‘ಛಂದೋಂಬುಧಿ’ಯನ್ನೂ (೧೮೭೫) ಸಂಪಾದಿಸಿ, ೧೮೯೪ರಲ್ಲಿ ಮಹಾಕೋಶವನ್ನು ಕೊಟ್ಟಾಗ ಅವರು ಕೇಳುವವನ ಮಾತನ್ನು ತಾವು ಎಷ್ಟು ಚೆನ್ನಾಗಿ ಕೇಳಿದ್ದರೆಂಬುದು ಜಗತ್ತಿಗೆ ತಿಳಿಯಿತು. ಕೋಶವೆಂದರೆ ಎದುರಿಗಿರುವವನ ಬಾಯಿಂದ ಬಂದ ಪ್ರತಿಯೊಂದು ಶಬ್ದಕ್ಕೂ ತಲೆಬಾಗಿ ಅರ್ಥ ಬರೆದಿಡುವ ಕೆಲಸವಲ್ಲವೇ?

ಪೀಠಕ್ಕೆ ಕೇಳುಗನ ಕಡೆಯಿಂದ ಉತ್ತರವು ಬಂದೇ ಇಲ್ಲವೆನ್ನುವಂತಿಲ್ಲ. ಅದು ಕಾದಂಬರಿಯ ರೂಪದಲ್ಲಿ ಬಂದಿತು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಅಂತಹ ಕೃತಿ. ಬೇಸಾಯಗಾರನಾಗಬೇಕೆಂಬ ಒಂದೇ ಆಸೆಯ ಚೋಮನಿಗೆ ಹೊಲೆಯನೆಂಬ ಕಾರಣದಿಂದ ಧಣಿಯ ಭೂಮಿ ದೊರೆಯುವುದಿಲ್ಲ. ಕ್ರೈಸ್ತನಾದರೆ ಭೂಮಿ ಸಿಗುವುದೆಂಬ ಆಸೆ ಎದುರಿಗಿದೆ. ಮಗ ಗುರುವನು ಆಗಲೇ ಆ ಕಡೆಗೆ ಹೋಗಿದ್ದಾನೆ. ಚೋಮನು ಹೊರಟವನು, ಪಂಜುರ್ಲಿಯ ಗುಡಿಯ ಬಳಿ ಹೆಜ್ಜೆ ಕಿತ್ತಿಡಲಾರದೆ ಮರಳಿಬಿಡುತ್ತಾನೆ. ಕಾರಂತರು ಭೂತದ ಭಕ್ತರಲ್ಲ, ಪಾದ್ರಿಗಳ ಶತ್ರುಗಳೂ ಅಲ್ಲ. ಚೋಮನ ಕಾಲನ್ನು ಹಿಡಿದು ನಿಲ್ಲಿಸಿದುದು ಮೂಢತೆಯೋ, ನಿಷ್ಠೆಯೋ, ಭಯವೋ ಎಂಬುದನ್ನು ಅವರು ಬಿಡಿಸಿ ಹೇಳುವುದಿಲ್ಲ. ಆ ಮುದುಕನ ಒಳಗಿನ ತೊಳಲಾಟವೆಂಬ ಪೂರ್ವಪಕ್ಷವನ್ನು ಯಾವ ಪ್ರಸಂಗಪೀಠವೂ ಯಾವ ಮಠವೂ ಅದುವರೆಗೆ ಇಷ್ಟು ಪೂರ್ಣವಾಗಿ ಹೇಳಿರಲಿಲ್ಲ. ಧಣಿಗಳಾದ ನಮ್ಮ ಕಡೆಯವರಿಗೂ ಅದು ಹಿತವಾದ ಪುಸ್ತಕವಲ್ಲ. ಭೂಮಿ ಕೊಡದವರು ಯಾರು ಎಂಬ ಪ್ರಶ್ನೆ ಅದರ ಪುಟಪುಟದಲ್ಲಿಯೂ ಇದೆ. ಮತಾಂತರವನ್ನು ಕುರಿತು ಇಂದು ಎರಡೂ ಕಡೆಗಳಲ್ಲಿ ಗಟ್ಟಿಯಾಗಿ ಮಾತನಾಡುವವರು ಆ ಪುಸ್ತಕವನ್ನು ಮೊದಲು ಓದುವುದು ಯುಕ್ತವು.

ಈಗ ನಮ್ಮ ಕಾಲದ ಪೀಠಗಳನ್ನು ನೋಡೋಣ. ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಕ್ರೈಸ್ತಪೀಠದ ಭಾಷೆ ಒಂದಲ್ಲ. ಪುತ್ತೂರಿನ ಮಾಯ್ ದೆ ದೇವುಸ್ ಮೊದಲಾದ ಹಳೆಯ ಇಗರ್ಜಿಗಳಲ್ಲಿ ಕೊಂಕಣಿಯುಂಟು. ಬಾಸೆಲ್ ಪರಂಪರೆಯ ಸಭೆಗಳಲ್ಲಿ ಕನ್ನಡ, ತುಳುಗಳುಂಟು. ರಬ್ಬರು, ಅಡಿಕೆಗಳ ಕೃಷಿಗಾಗಿ ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ನೆಲ್ಯಾಡಿಗಳ ಗುಡ್ಡಗಳಲ್ಲಿ ನೆಲೆಸಿದವರ ಸಭೆಗಳಲ್ಲಿ ಮಲಯಾಳವುಂಟು. ಈ ವಲಸೆಯು ಎಷ್ಟು ಬೇರೂರಿತೆಂದರೆ ೧೯೯೯ರಲ್ಲಿ ಬೆಳ್ತಂಗಡಿಯಲ್ಲಿ ಸೀರೊ-ಮಲಬಾರ್ ಧರ್ಮಪ್ರಾಂತವೂ, ೨೦೧೦ರಲ್ಲಿ ಪುತ್ತೂರಿನಲ್ಲಿಯೇ ಸೀರೊ-ಮಲಂಕರ ಧರ್ಮಪ್ರಾಂತವೂ ಸ್ಥಾಪಿತವಾದುವು. ಇಷ್ಟು ಬಗೆಯ ಸಭೆಗಳಿರುವಲ್ಲಿ ಜನರನ್ನು ಒಡೆಯುವ ವಿಷಯಗಳಿಗೇನೂ ಬರಗಾಲವಿಲ್ಲ. ಬಲಿಪೂಜೆಯಲ್ಲಿ ಯಾಜಕನು ಜನರ ಕಡೆಗೆ ಮುಖಮಾಡಬೇಕೇ ವೇದಿಕೆಯ ಕಡೆಗೆ ಮಾಡಬೇಕೇ ಎಂಬ ಪ್ರಶ್ನೆಯು ೨೦೨೧ರ ನಿರ್ಣಯದ ಬಳಿಕ ಕೇರಳದ ಸೀರೊ-ಮಲಬಾರ್ ಸಭೆಯನ್ನು ಅಲುಗಿಸಿತು. ಆರ್ತೊಡಾಕ್ಸರ ಮತ್ತು ಯಾಕೋಬಾಯರ ವ್ಯಾಜ್ಯದಲ್ಲಿ ೨೦೧೭ರ ಜುಲೈ ೩ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೂ ಮನಸ್ಸುಗಳು ಕೂಡಲಿಲ್ಲ. ಬೆಂಗಳೂರಿನ ಕಥೋಲಿಕರಲ್ಲಿ ಕನ್ನಡಪೂಜೆ ತಮಿಳುಪೂಜೆಗಳ ಜಗಳವು ದಶಕಗಳ ಕಾಲ ನಡೆಯಿತು. ದಕ್ಷಿಣಭಾರತ ಸಭೆಯಲ್ಲಿ ೨೦೧೩ರಲ್ಲಿ ಪುಷ್ಪಲಲಿತಾ ಎಂಬವರು ನಂದ್ಯಾಲದ ಬಿಷಪ್ ಆದಾಗ ಹೆಂಗಸು ಆ ಪೀಠದಲ್ಲಿ ಕೂರಬಹುದೇ ಎಂಬ ಹಳೆಯ ಪ್ರಶ್ನೆಗೆ ಆ ಸಭೆಯು ಉತ್ತರ ಕೊಟ್ಟಿತು. ಇತರ ಸಭೆಗಳಲ್ಲಿ ಹಲವು ಕೊಟ್ಟಿಲ್ಲ.

ಇಂತಹವನ್ನು ಪೀಠದಲ್ಲಿ ಎತ್ತಲೇಬಾರದೆಂಬುದು ಕೆಲವು ಸಜ್ಜನರ ಮತ. ‘ಆದಿತ್ಯವಾರದ ಒಂದು ಗಂಟೆಯಾದರೂ ಶಾಂತಿಯಿರಲಿ’ ಎಂದು ಅವರು ಹೇಳುವರು. ಈ ಮಾತಿನಲ್ಲಿ ದಣಿದ ಮನುಷ್ಯನ ಸತ್ಯವೊಂದು ಇದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೌನವೂ ಒಂದು ಪಕ್ಷವೇ. ಸಭೆಯಲ್ಲಿ ಒಬ್ಬನಿಗೆ ಅನ್ಯಾಯವಾಗುತ್ತಿರುವಾಗ ಪೀಠವು ಸುಮ್ಮನಿದ್ದರೆ ಅದು ಅನ್ಯಾಯ ಮಾಡುವವನ ಪರವಾಗಿ ಆಡಿದ ಪ್ರಸಂಗವೆಂದೇ ತಿಳಿಯಬೇಕು. ಜಾತಿಯ ವಿಷಯದಲ್ಲಿ ಬಾಸೆಲಿನವರು ಸುಮ್ಮನಿದ್ದಿದ್ದರೆ ನಾವು ಅವರನ್ನು ಹೊಗಳುತ್ತಿರಲಿಲ್ಲ. ಆದುದರಿಂದ ಆಡಬೇಕೇ ಬೇಡವೇ ಎಂಬುದಕ್ಕಿಂತ ಆಡುವ ರೀತಿಯೇ ಮುಖ್ಯವು.

ಆ ರೀತಿಗೆ ಮಾದರಿಯನ್ನು ಕ್ರೈಸ್ತರು ನಮ್ಮ ನ್ಯಾಯಶಾಸ್ತ್ರದಿಂದ ಸಾಲ ತರಬೇಕಾಗಿಲ್ಲ. ಅವರ ಸತ್ಯವೇದದಲ್ಲಿಯೇ ಅದು ಇದೆ. ಊರೀಯನ ಹೆಂಡತಿಯನ್ನು ಅಪಹರಿಸಿ, ಅವನನ್ನು ಯುದ್ಧದಲ್ಲಿ ಕೊಲ್ಲಿಸಿದ ದಾವೀದರಾಜನ ಮುಂದೆ ಪ್ರವಾದಿಯಾದ ನಾತಾನನು ನಿಂತು ಬೈಯಲಿಲ್ಲ. ಬಡವನೊಬ್ಬನು ಮಗಳಂತೆ ಸಾಕಿದ್ದ ಒಂದೇ ಕುರಿಮರಿಯನ್ನು ಹಿಂಡುಹಿಂಡು ಕುರಿಗಳಿದ್ದ ಸಿರಿವಂತನು ಕಿತ್ತುಕೊಂಡ ಕಥೆಯನ್ನು ಹೇಳಿದನು. ತೀರ್ಪನ್ನು ಕೊಟ್ಟವನು ರಾಜನೇ. ಆ ಮನುಷ್ಯನು ನೀನೇ ಎಂದಷ್ಟೆ ಪ್ರವಾದಿಯು ಸೇರಿಸಿದನು. ಇನ್ನೊಂದು ಸಂಗತಿಯನ್ನು ಗಮನಿಸಬೇಕು: ನಾತಾನನು ಎತ್ತರದಿಂದ ಕೆಳಗೆ ಮಾತನಾಡಲಿಲ್ಲ, ತನ್ನ ತಲೆಯನ್ನು ತೆಗೆಯಬಲ್ಲವನ ಎದುರು ಮಾತನಾಡಿದನು. ಬಾಯಿಲ್ಲದವರ ಮುಂದೆ ತೋರ್ಪಡಿಸುವ ಧೈರ್ಯಕ್ಕೂ ಇದಕ್ಕೂ ಅಂತರವೆಷ್ಟು!

ಎರಡನೆಯ ಮಾದರಿಯು ನಮ್ಮ ಮಿತ್ರರ ತಾಯಿಯ ವಿಷಯಕ್ಕೇ ಸಂಬಂಧಿಸಿದ್ದು. ಕೊರಿಂಥದ ಸಭೆಯಲ್ಲಿ ವಿಗ್ರಹಕ್ಕೆ ಅರ್ಪಿತವಾದ ಆಹಾರವನ್ನು ತಿನ್ನಬಹುದೇ ಎಂಬ ವಿವಾದವು ಎದ್ದಿತು. ಅಪೊಸ್ತಲನಾದ ಪೌಲನು ತನ್ನ ಪತ್ರದಲ್ಲಿ, ತಿನ್ನಬಹುದೆಂಬವರ ಯುಕ್ತಿಯನ್ನು ಮೊದಲು ಅವರಿಗಿಂತ ಚೆನ್ನಾಗಿ ಹೇಳುತ್ತಾನೆ: ವಿಗ್ರಹವೆಂಬುದು ಏನೂ ಅಲ್ಲ, ಆದುದರಿಂದ ಅನ್ನಕ್ಕೆ ದೋಷ ತಗಲದು. ಅದನ್ನು ಒಪ್ಪಿಕೊಂಡ ಮೇಲೆ, ಎಲ್ಲರಿಗೂ ಆ ತಿಳಿವು ಇಲ್ಲವಾದುದರಿಂದ ದುರ್ಬಲನಾದ ಸಹೋದರನ ಮನಸ್ಸು ನೋಯಬಾರದೆನ್ನುತ್ತಾನೆ. ದೇವತೆಯ ಪಂಕ್ತಿಯಲ್ಲಿ ಪಾಲುಗೊಳ್ಳುವುದನ್ನು ನಿಷೇಧಿಸುತ್ತಾನೆ. ಆದರೆ ಅನ್ಯರು ಮನೆಗೆ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಬಹುದೆಂದೂ ಹೇಳುತ್ತಾನೆ. ಪೌಲನು ಕೊನೆಗೆ ನೇಮದ ಊಟಕ್ಕೆ ಸಮ್ಮತಿ ಕೊಡುತ್ತಿದ್ದನೆಂದು ನಾವು ಸಾಧಿಸಹೊರಟಿಲ್ಲ, ಬಹುಶಃ ಕೊಡುತ್ತಿರಲಿಲ್ಲ. ಆದರೆ ಆ ಮುದುಕಿಯು ನಲುವತ್ತು ವರ್ಷ ತರಕಾರಿ ಹೆಚ್ಚಿದ್ದು ದೈವಕ್ಕಾಗಿಯೋ ನೆರೆಯವಳ ಸ್ನೇಹಕ್ಕಾಗಿಯೋ ಎಂದು ಅವನು ಕೇಳದಿರುತ್ತಿರಲಿಲ್ಲ. ಅಂದಿನ ಪ್ರಸಂಗದಲ್ಲಿ ಕಾಣೆಯಾದದ್ದು ಈ ಒಂದು ಪ್ರಶ್ನೆ.

ಪೂರ್ವಪಕ್ಷವನ್ನು ಕೇಳದ ಮಾತು ಊರಿನ ಹೊರಗೆ ಹೊರಟಾಗ ಏನಾಗುವುದೆಂಬುದನ್ನು ನಮ್ಮ ಜಿಲ್ಲೆಯು ಕಂಡಿದೆ. ‘ಸತ್ಯದರ್ಶಿನಿ’ಯೆಂಬ ಪುಸ್ತಕದಲ್ಲಿ ಹಿಂದೂ ದೇವತೆಗಳನ್ನು ಹಳಿಯಲಾಗಿದೆಯೆಂಬ ಆಕ್ಷೇಪವೆದ್ದಿತು. ೨೦೦೮ರ ಸೆಪ್ಟೆಂಬರ ೧೪ರಂದು, ಆದಿತ್ಯವಾರ, ಮಂಗಳೂರಿನ ಮಿಲಾಗ್ರಿಸಿನ ಬಳಿಯ ಆರಾಧನಾ ಮಠದ ಮೇಲೆಯೂ ಬೇರೆ ಪ್ರಾರ್ಥನಾಲಯಗಳ ಮೇಲೆಯೂ ದಾಳಿಗಳು ನಡೆದುವು. ಆ ಪುಸ್ತಕಕ್ಕೂ ಕಥೋಲಿಕ ಸಭೆಗೂ ಸಂಬಂಧವಿರಲಿಲ್ಲ. ಏಟು ತಿಂದದ್ದು ಪ್ರಾರ್ಥನೆಯಲ್ಲಿ ಕುಳಿತಿದ್ದ ಕನ್ಯಾಸ್ತ್ರೀಯರ ಮಠ. ನ್ಯಾಯಮೂರ್ತಿ ಸೋಮಶೇಖರ ಆಯೋಗವು ೨೦೧೧ರಲ್ಲಿ ವರದಿಯನ್ನೊಪ್ಪಿಸಿತು. ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತು ಒಂದಿದೆ. ಪುಸ್ತಕವು ವಿತಂಡೆಯಾದರೆ ಅದಕ್ಕೆ ಉತ್ತರ ಇನ್ನೊಂದು ಪುಸ್ತಕವೇ ಹೊರತು ಕಲ್ಲಲ್ಲ. ಪರಮತವನ್ನು ಖಂಡಿಸಿದವರ ಮೇಲೆಲ್ಲ ಕೈಯೆತ್ತಬಹುದಾದರೆ ನಮ್ಮ ಆಚಾರ್ಯರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಕಲ್ಲೆಸೆದವನು ತಾನು ಯಾವ ಧರ್ಮವನ್ನು ಕಾಯುವೆನೆಂದು ಹೊರಟನೋ ಆ ಧರ್ಮದ ವಾದಪರಂಪರೆಯನ್ನೇ ಮೊದಲು ಒಡೆದನು.

ಇಷ್ಟನ್ನು ಹೇಳಿದ ಬಳಿಕ ನಮ್ಮ ಮಂಟಪಗಳನ್ನೂ ನೋಡಿಕೊಳ್ಳದಿದ್ದರೆ ಈ ಲೇಖನವೂ ಏಕಮುಖವಾದ ಪ್ರಸಂಗವೇ ಆದೀತು. ಉತ್ಸವಗಳ ಧಾರ್ಮಿಕ ಸಭೆಗಳಲ್ಲಿ ಮೈಕಿನ ಮುಂದೆ ನಿಂತು, ಎದುರಿಗಿಲ್ಲದ ಕ್ರೈಸ್ತನನ್ನೂ ಮುಸಲ್ಮಾನನನ್ನೂ ಹಳಿದು ಚಪ್ಪಾಳೆ ಗಿಟ್ಟಿಸುವ ಉಪನ್ಯಾಸಕರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಎಷ್ಟು ಮಂದಿ ಸತ್ಯವೇದವನ್ನೋ ಕುರಾನನ್ನೋ ಒಂದು ಸಲವಾದರೂ ತೆರೆದಿರುವರು? ಮೋಗ್ಲಿಂಗರು ಪುರಂದರದಾಸರನ್ನು ಅಚ್ಚುಹಾಕಿಸಿದರಷ್ಟೆ. ನಮ್ಮಲ್ಲಿ ಖಂಡನಕ್ಕೆ ಹೊರಟವರು ಯಾರ ಪುಸ್ತಕವನ್ನು ಅಚ್ಚುಹಾಕಿಸಿದರು? ಶಾಸ್ತ್ರವು ನಮ್ಮದು, ನಿಜ. ಅದನ್ನು ಪಾಲಿಸಿದ ಕೀರ್ತಿಯೂ ನಮ್ಮದೇ ಆಗಬೇಕಿತ್ತು.

ಒಟ್ಟಿನಲ್ಲಿ ವಿವಾದಾಸ್ಪದವಾದ ಪ್ರಸಂಗವನ್ನು ನಾವು ಮೂರು ಒರೆಗಳಿಂದ ಅಳೆಯಬಹುದು. ಎದುರುಪಕ್ಷದವನು ಅದರಲ್ಲಿ ತನ್ನ ಮಾತನ್ನು ಗುರುತಿಸಬಲ್ಲನೇ? ಉಪದೇಶಿಸಿದವನು ಆ ಮಾತಿನ ಕಷ್ಟದಲ್ಲಿ ತಾನೂ ಪಾಲುಗೊಂಡನೇ? ಉತ್ತರ ಕೊಡಬಲ್ಲ ಬಲವಂತನ ಮುಂದೆಯೂ ಅದನ್ನೇ ಆಡುತ್ತಿದ್ದನೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಪ್ರಸಂಗವು ಎಷ್ಟೇ ಕಟುವಾಗಿರಲಿ ಸತ್ಸಾಹಿತ್ಯವು. ಇಲ್ಲವೆಂದಾದರೆ ಎಷ್ಟೇ ಸೊಗಸಾಗಿರಲಿ ಅದು ಬಾಯಿಲ್ಲದವರ ಮೇಲೆ ಮಾಡಿದ ಬಲಪ್ರಯೋಗವು.

ನಮ್ಮ ಮಿತ್ರರ ತಾಯಿಯ ಮೊದಲ ವರ್ಷಾಂತಿಕದ ದಿನ ಅವರ ಮನೆಗೆ ಹೋಗಿದ್ದೆವು. ಪ್ರಾರ್ಥನೆಗೆ ಅದೇ ಉಪದೇಶಕರು ಬಂದಿದ್ದರು. ಊಟದ ವೇಳೆಗೆ ನೆರೆಮನೆಯ ಮುದುಕಿಯೂ ಬಂದು, ಯಾರೂ ಕರೆಯುವ ಮೊದಲೇ ಅಡುಗೆಮನೆಗೆ ಹೋಗಿ, ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚತೊಡಗಿದಳು. ಉಪದೇಶಕರು ಬಾಗಿಲಲ್ಲಿ ನಿಂತು ಬಹಳ ಹೊತ್ತು ಅದನ್ನು ನೋಡಿದರು. ಅವರು ಏನನ್ನು ಯೋಚಿಸಿದರೋ ನಾವು ಅರಿಯೆವು. ಅಂದಿನ ಪ್ರಾರ್ಥನೆಯಲ್ಲಿ ಅವರು ನೆರೆಹೊರೆಯವರಿಗಾಗಿ ಎರಡು ಮಾತು ಹೆಚ್ಚಾಗಿ ಬೇಡಿಕೊಂಡರು. ಅಷ್ಟನ್ನು ನಾವು ಕೇಳಿದೆವು.